ಅಜ್ಜಿಯ ಕಾಲ್ಕತ್ತರಿ

ಬೆಳಿಗ್ಗೆ ಮೊಣಕಾಲಿಗೆ ತಿಕ್ಕಿಕೊಳ್ಳಲು ಔಡಲೆಣ್ಣೆಯ ಬಾಟಲಿ ತೆರೆದೆ ನೋಡಿ, ವಾಸನೆ ಮೂಗಿಗೆ ಬಡಿದದ್ದೇ ತಡ, ದೊಡವಾಡದ ನಮ್ಮ ಹಳೆಯ ಬಚ್ಚಲು ಕಣ್ಣ ಮುಂದೆ ಬಂತು. ಇರಲಿ, ಮೊದಲು ಮೊಣಕಾಲಿನ ಕಥೆ ಹೇಳಿಬಿಡುತ್ತೇನೆ.

ಮಗಳು ಧಾರವಾಡದ ಕಾಲೇಜಿನಲ್ಲಿ ಜುಜುತ್ಸು ಎಂಬ ಹೊರದೇಶದ ಕುಸ್ತಿ ಕಲಿಯುತ್ತಾಳೆ. ಮುಂದಿನ ವಾರ ಅವಳ ಮೊದಲ ಪಂದ್ಯ. ರಜೆಗೆ ಬೈಲಹೊಂಗಲದ ಮನೆಗೆ ಬಂದವಳಿಗೆ ಇಲ್ಲಿ ಜೋಡಿಯಿಲ್ಲ; ಪಡಸಾಲೆಯಲ್ಲಿ ಗಾದಿ ಹಾಸಿ ನನ್ನನ್ನೇ ಎಳೆದಳು. ಅವಳು ಬಿಡಿಸಿಕೊಳ್ಳಲು ಕಲಿಯಬೇಕಾದ ಪಟ್ಟಿನ ಹೆಸರು ಕ್ಲೋಸ್ಡ್ ಗಾರ್ಡ್. ನಾನು ಅಂಗಾತ ಮಲಗಿ, ಕಾಲುಗಳಿಂದ ಅವಳ ಸೊಂಟ ಸುತ್ತಿ, ಬೆನ್ನ ಹಿಂದೆ ಪಾದ ಹೆಣೆದು ಹಿಡಿಯಬೇಕು. ಇಷ್ಟೇ.

ಇಷ್ಟೇ ಎಂದೆನಲ್ಲ, ಅದೇ ಆಗಲಿಲ್ಲ. ಹುಡುಗನಾಗಿದ್ದಾಗ ಗರಡಿಯ ಮಣ್ಣು ತಿಂದವನು ನಾನು. ಬೆನ್ನು ನೆಲಕ್ಕೆ ಹತ್ತಿದರೆ ಚಿತ್, ಸೋತಂತೆ ಎಂದು ಮೈಗೇ ಪಾಠವಾಗಿದೆ. ಗಾದಿ ಬೆನ್ನಿಗೆ ತಾಗಿದ ಕೂಡಲೇ ಹೊರಳಿಬಿಡುತ್ತಿದ್ದೆ.

"ಅಪ್ಪಾ, ನೀ ಮತ್ತ ಬೋರಲ ಬಿದ್ದಿ."

ನಾಲ್ಕು ದಿನ ಹೀಗೇ ಹೋಯಿತು; ಹೊರಳಿ ಹೊರಳಿ ಮೊಣಕಾಲು ಊದಿಕೊಂಡಿತು. ಹಿಡಿಯುವವನೇ ಇಲ್ಲದ ಮೇಲೆ ಬಿಡಿಸಿಕೊಳ್ಳುವುದು ಎಲ್ಲಿಂದ ಕಲಿತಾಳು? ಅವಳ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಈಗ ಎಣ್ಣೆಗೆ ಬರೋಣ. ದೊಡವಾಡದ ಆ ಬಚ್ಚಲಲ್ಲಿ ರವಿವಾರ ತಲೆಗೆ ಎರೆಯುವ ಮೊದಲು ಅಜ್ಜಿ ನೆಲಕ್ಕೆ ಕೂತು, ನನ್ನನ್ನು ಎದುರಿಗೆ ಎಳೆದು, ಸೊಂಟಕ್ಕೆ ಕಾಲು ಸುತ್ತಿ, ಹಿಂದೆ ಪಾದ ಹೆಣೆಯುತ್ತಿದ್ದಳು. ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡು ನೆತ್ತಿಗೆ ಔಡಲೆಣ್ಣೆ ತಟ್ಟುತ್ತಿದ್ದಳು. ಗರಡಿಯಲ್ಲಿ ಮೂವರನ್ನು ಕೆಡವಿ ಬಂದ ಪೈಲವಾನನಿಗೆ ಆ ಮುದುಕಿಯಿಂದ ಒಮ್ಮೆಯೂ ಪಾರಾಗಲು ಆಗಲಿಲ್ಲ.

"ಕಾಲಾಗ ಬಲ ಎಲ್ಲೈತೋ ತಮ್ಮಾ. ನೀ ಹಿಂದ ಸರದ್ರ ನಾನೂ ನಿನ್ನ ಜೋಡಿ ಬರತೇನಿ, ಅಷ್ಟ," ಎನ್ನುತ್ತಿದ್ದಳು. ನಗಿಸಿ ತಪ್ಪಿಸಿಕೊಳ್ಳೋಣವೆಂದು ಎಷ್ಟು ಮಂಗಚೇಷ್ಟೆ ಮಾಡಿದರೂ ಅವಳ ತುಟಿ ಬಿಚ್ಚುತ್ತಿರಲಿಲ್ಲ. ಎಣ್ಣೆ ಹಚ್ಚಿ ಮುಗಿದ ಮೇಲೆಯೇ ಅವಳ ನಗು. ಆಗ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಬಾಟಲಿ ಮುಚ್ಚಿ ಮಗಳನ್ನು ಕರೆದೆ. ಅಂಗಾತ ಮಲಗಿದೆ. ಹೊರಳಲಿಲ್ಲ. ಅಜ್ಜಿಯಂತೆಯೇ ಸೊಂಟಕ್ಕೆ ಕಾಲು ಸುತ್ತಿ, ಅವಳ ತಲೆಯನ್ನು ಹೆಗಲಿಗೆ ಎಳೆದುಕೊಂಡೆ. ಅವಳು ಹಿಂದೆ ಸರಿದಳು, ನಾನೂ ಜೊತೆಗೇ ಸರಿದೆ. ಒದ್ದಾಡಿದಳು, ಆಗಲಿಲ್ಲ.

"ಇದನ್ನ ಯಾರ ಕಲಿಸಿದ್ರಪಾ?"

"ನಿನ್ನ ಮುತ್ತಜ್ಜಿ. ಎಣ್ಣಿ ಹಚ್ಚೂಮುಂದ."

ಅವಳು ಕಿಲಕಿಲ ನಕ್ಕಳು, ನನಗೂ ತಡೆಯಲಾಗಲಿಲ್ಲ. ನಕ್ಕದ್ದೇ ಕಾಲು ಸಡಿಲಾಯಿತು. ಮಗಳು ನುಣುಚಿಕೊಂಡು ಎದ್ದು ನಿಂತಿದ್ದಳು. ನಾನು ಬೆನ್ನನ್ನು ನೆಲಕ್ಕೆ ಚೆಲ್ಲಿ, ಆರಾಮವಾಗಿ, ಇನ್ನೂ ನಗುತ್ತಲೇ ಇದ್ದೆ. ಅಜ್ಜಿ ಏಕೆ ನಗುವನ್ನು ಕಡೆಗೆ ಇಟ್ಟುಕೊಳ್ಳುತ್ತಿದ್ದಳೆಂದು ನಲವತ್ತು ವರ್ಷದ ಮೇಲೆ ತಿಳಿಯಿತು.