ಸೋಮವಾರದ ರಕ್ತದಾನ

ಸ್ನೇಹಿತರೇ, ನಮ್ಮ ಕೊಟ್ಟೂರಿನಲ್ಲಿ ಸೋಮವಾರ ರಕ್ತದಾನ ಶಿಬಿರ ಇಡಬಾರದು ಎಂದು ಇವತ್ತು ಗೊತ್ತಾಯಿತು. ಒಳ್ಳೆಯ ವಾರವೆಂದು ನಮ್ಮ ಓಣಿಯ ಹಿರಿಯರೇ ಆರಿಸಿದ ದಿನ. ನಮ್ಮತ್ತೆಯ ಹಿಂದೆ ನಾನೂ ಸಾಲಿನಲ್ಲಿ ನಿಂತೆ.

"ಮುಂಜಾನಿ ಏನು ತಿಂದೀರಿ?" ಎಂದು ನರ್ಸ್ ಎಲ್ಲರನ್ನೂ ಕೇಳುತ್ತಿದ್ದರು.

"ಸೋಮವಾರ ಐತಲ್ರಿ, ಒಪ್ಪತ್ತು. ಸಂಜಿಗೇ ಊಟ," ಎಂದರು ಅತ್ತೆ, ಹೆಮ್ಮೆಯಿಂದ.

"ಖಾಲಿ ಹೊಟ್ಟಿಲೆ ರಕ್ತ ತಗೊಳ್ಳಂಗಿಲ್ರಿ ಅಮ್ಮ, ತಲಿ ತಿರುಗತೈತಿ."

ಅತ್ತೆಗಿಂತ ಮುಂದಿದ್ದ ಆರೂ ಮಂದಿ ಇದೇ ಉತ್ತರ ಕೊಟ್ಟು ಪಕ್ಕದ ಕುರ್ಚಿಗಳಲ್ಲಿ ಕುಳಿತಿದ್ದರು. ವಯಸ್ಸು, ತೂಕ, ಬಿಪಿ ಎಲ್ಲರದೂ ಸರಿಯಿತ್ತು. ಒಬ್ಬರ ರಕ್ತವೂ ಸಿಕ್ಕಿರಲಿಲ್ಲ.

"ನಿಮ್ದೂ ಒಪ್ಪತ್ತೇನ್ರಿ?" ಎಂದರು ನರ್ಸ್ ನನ್ನತ್ತ ತಿರುಗಿ, ಸೋತ ದನಿಯಲ್ಲಿ.

ಮನೆಯಲ್ಲಿ ನಾನು ಹಾಗೆಂದೇ ಹೇಳಿದ್ದೆ. ಆದರೆ ಅತ್ತೆ ಪೂಜೆಗೆ ಕುಳಿತಾಗ ಅಡುಗೆಮನೆಯಲ್ಲಿ ನನ್ನ ಕೆಲಸ ಮುಗಿದಿತ್ತು.

"ಇಲ್ರಿ. ಒಗ್ಗರಣಿ ಮಂಡಕ್ಕಿ ತಿಂದೀನಿ," ಎಂದೆ.

ರಕ್ತ ಕೊಟ್ಟು ಎದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಅತ್ತೆಯೊಬ್ಬರನ್ನು ಬಿಟ್ಟು. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಅತ್ತೆ ಕೇಳಿದರು:

"ಎಷ್ಟು ಸೋಮವಾರದಿಂದ ಹಿಂಗ ರಕ್ತ ಕೊಡಾಕ ತಯಾರಾಗಿ ಕುಂತೀಯವ್ವಾ?"