ಸುಟ್ಟ ತಂತಿಯ ಕಿತಾಬು

ಬಿಸಿ ವಾರ್ನಿಶ್ ವಾಸನೆ ಮೂಗಿಗೆ ಬಡಿದದ್ದೇ ತಡ, ಹೇಳಬೇಕಾದ ಮಾತೆಲ್ಲ ಮರೆತುಹೋಯಿತು. ಮೊನ್ನೆ ಬಸವಕಲ್ಯಾಣದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ, ಎಲೆಕ್ಟ್ರಿಕಲ್ ಓದಬೇಕೆಂದಿರುವ ಪಿಯುಸಿ ಮಕ್ಕಳ ಮುಂದೆ ಮಾತನಾಡಲು ನಿಂತಿದ್ದೆ. ಪಕ್ಕದ ಲ್ಯಾಬಿನಿಂದ ಬಂದ ಆ ವಾಸನೆ ನನ್ನನ್ನು ಹುಮನಾಬಾದಿಗೆ ಎಳೆದೊಯ್ದಿತು… ಕಾಕಾನ ಅಂಗಡಿಗೆ.

ಕಾಕಾ ನಮ್ಮ ಓಣಿಯವರು. ಸುಟ್ಟ ಪಂಪ್ ಮೋಟಾರಿಗೆ ಹೊಸ ತಂತಿ ಸುತ್ತಿ ವಾರ್ನಿಶ್ ಹಾಕುವ ಮೇಸ್ತ್ರಿ. ನಾನು ಎಲೆಕ್ಟ್ರಿಕಲ್ ಓದುತ್ತೇನೆಂದಾಗ ಸೋದರಮಾವ ನಕ್ಕಿದ್ದರು. "ಏನವಾ, ಜಡಿ ಹಾಕ್ಕೊಂಡು ಕಂಬ ಹತ್ತಾಕಿ ಏನ್ ನೀ?" ಅಪ್ಪ ಅರ್ಜಿಗೆ ಸಹಿ ಹಾಕಲಿಲ್ಲ. ಅದೇ ವಾರ ನಮ್ಮ ಹೊಲದ ಮೋಟಾರು ಸುಟ್ಟಿತು. ನಾನೇ ಸುತ್ತುತ್ತೇನೆ, ಓಡಿದರೆ ಸಹಿ ಹಾಕಬೇಕು ಎಂದು ಹಟ ಹಿಡಿದೆ. ಓಡುವುದಿಲ್ಲವೆಂಬ ಧೈರ್ಯದ ಮೇಲೆ ಅಪ್ಪ ಒಪ್ಪಿದರು.

ಕಾಕಾ ಅಂಗಡಿಯಲ್ಲಿ ಜಾಗ ಕೊಟ್ಟು, ತಾವು ಕೈಕಟ್ಟಿ ಕೂತರು. ನಾನು ಹುರುಪಿನಲ್ಲಿ ಸುಟ್ಟ ತಂತಿಯನ್ನೆಲ್ಲ ಕಿತ್ತು ಗುಜರಿ ರಾಶಿಗೆ ಎಸೆದೆ.

"ಎಷ್ಟು ಸುತ್ತು ಇದ್ದವು?" ಎಂದರು ಕಾಕಾ.

ಎಣಿಸಿರಲಿಲ್ಲ. ಹಳೆಯದು ಎಣಿಸದೆ ಹೊಸದು ಎಷ್ಟು ಸುತ್ತುವುದು?

"ಸುಟ್ಟದ್ದು ಕಸ ಅಲ್ಲ ಬೇಟಾ, ಕಿತಾಬ್ ಅದ. ಹೋಗು, ಹುಡುಕಿ ಓದು."

ಬಿಸಿಲಲ್ಲಿ ರಾಶಿ ಕೆದರಿದೆ. ನಮ್ಮ ಸುರುಳಿ ಸಿಕ್ಕಿತು. ಎಳೆ ಎಳೆ ಬಿಡಿಸಿ ಎಣಿಸಿದೆ, ತಪ್ಪಿದೆ, ಮತ್ತೆ ಎಣಿಸಿದೆ. ಮೂರು ದಿನ ಸುತ್ತಿದೆ. ನಾಲ್ಕನೆಯ ದಿನ ಬಾವಿಯ ನೀರು ಕಾಲುವೆಗೆ ಧುಮುಕಿತು, ಅಪ್ಪ ಪೆನ್ನು ಕೇಳಿದರು.

ಮಾವ ಮಾತ್ರ ಬಿಡಲಿಲ್ಲ. "ಈಗೇನೋ ಓಡ್ತು. ಮದುವಿ ಆದಮ್ಯಾಲ?"

"ಆಗೂ ಓಡ್ತದ್ರಿ," ಎಂದರು ಕಾಕಾ. "ಗ್ಯಾರಂಟಿ ನಂದು."

ಮುಂದೆ ಕಾಲೇಜಿನಲ್ಲಿ ಆ ಸುತ್ತುಗಳಿಗೆ ಗಣಿತ ಸಿಕ್ಕಿತು. ಸುತ್ತು ಕಡಿಮೆಯಾದರೆ ಮೋಟಾರು ಯಾಕೆ ಕಾದು ಸುಡುತ್ತದೆಂದು ತಿಳಿಯಿತು. ಅದನ್ನು ಹೇಳಲು ಓಡಿಬಂದಾಗ ಅಂಗಡಿಗೆ ಬೀಗ ಬಿದ್ದಿತ್ತು… ಕಾಕಾ ತೀರಿಕೊಂಡು ತಿಂಗಳಾಗಿತ್ತು.

ಇದನ್ನೇ ಮಕ್ಕಳಿಗೆ ಹೇಳಿದೆ. ಗಣಿತ ಬೇಕು, ಸರ್ಕ್ಯೂಟು, ಯಂತ್ರ ಎಲ್ಲ ಬರುತ್ತವೆ. ಆದರೆ ಸುಟ್ಟದ್ದನ್ನು ಓದುವ ತಾಳ್ಮೆ ಮೊದಲು ಬೇಕು ಎಂದೆ. ಮಂಠಾಳದ ಹುಡುಗಿಯೊಬ್ಬಳು ಎದ್ದಳು. "ಕಂಬ ಹತ್ತಬೇಕಾಗ್ತದೇನ್ರಿ ಮೇಡಂ? ಮನ್ಯಾಗ ನಗಲಾಕತ್ತಾರ."

"ಹತ್ತಬೇಕಾದ್ರ ಹತ್ತು. ನಗೋರು ಕೆಳಗ ನಿಂತು ನೋಡ್ಲಿ."

ಲ್ಯಾಬಿನಿಂದ ಒಂದು ಸುಟ್ಟ ಸುರುಳಿ ತರಿಸಿ ಅವಳ ಕೈಯಲ್ಲಿಟ್ಟು, ಎಣಿಸು ಎಂದೆ. ಗ್ಯಾರಂಟಿ ಕೊಡಲು ಕಾಕಾ ಇಲ್ಲ ಈಗ… ನಾನೇ ಕೊಟ್ಟೆ.