ಪಟ್ಟಿಯಣ್ಣ ಹೇಳದೆ ಬಿಟ್ಟದ್ದು

ಮನೆಮನೆಗೆ ಆಕ್ಸಿಜನ್ ಸಿಲಿಂಡರ್ ತಲುಪಿಸುವ ಆ ಕಂಪನಿಯಲ್ಲಿ ಎಲ್ಲರ ಬಾಯಲ್ಲೂ ಅವನು ಪಟ್ಟಿಯಣ್ಣ. ವ್ಯಾನು ಯಾವ ಮನೆಗೆ ಮೊದಲು ಹೋಗಬೇಕೆಂಬ ಪಟ್ಟಿಯನ್ನು ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದವನು ಅವನೇ. ನಿಯಮದ ಪ್ರಕಾರ ಬೀದಿಯ ಸಾಲು ಹಿಡಿದು ಬರೆಯಬೇಕು. ಇವನೋ, ಬೆಳಿಗ್ಗೆ ಏಳಕ್ಕೇ ಬಂದು ಒಂದೊಂದು ಮನೆಗೂ ಫೋನ್ ಮಾಡಿ ಸಿಲಿಂಡರಿನ ಮೀಟರಿನ ಮುಳ್ಳು ಎಲ್ಲಿದೆಯೆಂದು ಕೇಳುತ್ತಿದ್ದ. ಕೆಲವರು ಸಂಕೋಚಕ್ಕೆ ಇನ್ನೂ ಇದೆಯೆಂದು ಸುಳ್ಳು ಹೇಳುತ್ತಾರೆ. ಅದಕ್ಕೇ ರೋಗಿಯ ಕೈಗೆ ಫೋನ್ ಕೊಡಿಸಿ ಎರಡು ಮಾತಾಡಿಸುತ್ತಿದ್ದ. ಉಸಿರು ತುಂಡಾಗುತ್ತಿದ್ದರೆ ಆ ಮನೆಯನ್ನು ಮೊದಲಿಗೆ ಏರಿಸುತ್ತಿದ್ದ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಎಲ್ಲೂ ಬರೆದಿರಲಿಲ್ಲ.

ಹೀಗಿರುವಾಗ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂತು. ವ್ಯವಹಾರವೂ ಕಂಪ್ಯೂಟರೂ ಒಂದೇ ನಕ್ಷೆಯ ಮೇಲೆ ನಿಂತರೆ ಕಂಪನಿ ನಾಳೆ ಹೇಗೆ ಬೇಕಾದರೂ ಹೊರಳಬಹುದೆಂದು ಮ್ಯಾನೇಜರು ಸಭೆ ಕರೆದು ಹೇಳಿದರು. ಹೊರಳುವಾಗ ಯಾರು ಅಡಿಗೆ ಬೀಳುತ್ತಾರೆಂದು ಮಾತ್ರ ಹೇಳಲಿಲ್ಲ. ಯಾವ ಕೆಲಸ ಹೇಗೆ ನಡೆಯುತ್ತದೆಂದು ಕೇಳಿ ಆ ನಕ್ಷೆ ಬರೆಯುವ ಹುಡುಗಿ ಮೂರು ದಿನ ಪಟ್ಟಿಯಣ್ಣನ ಪಕ್ಕದಲ್ಲಿ ಕೂತಳು. ಆ ಮೂರು ದಿನವೂ ಅವನು ಫೋನುಗಳನ್ನೆಲ್ಲ ಮನೆಯಲ್ಲೇ ಮುಗಿಸಿಕೊಂಡು ಬಂದ.

"ಹೇಳ್ಬಿಡಿ ಆ ಹುಡುಗಿಗೆ. ಬಚ್ಚಿಡೋಕೆ ಇದೇನು ಒಡವೆನಾ?" ಎಂದಳು ಹೆಂಡತಿ.

"ಇದನ್ನೂ ಹೇಳಿದ್ರೆ ಆಮೇಲೆ ನಾನ್ಯಾಕೆ ಬೇಕು ಅವ್ರಿಗೆ?"

ಐವತ್ತೆರಡರಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆಂಬ ಭಯ ಅವನನ್ನು ತಿನ್ನುತ್ತಿತ್ತು. ಇನ್ನೇನಾದರೂ ಇದೆಯೇ ಎಂದು ಹುಡುಗಿ ಎರಡೆರಡು ಸಲ ಕೇಳಿದಳು. ಇಲ್ಲವೆಂದ. ವ್ಯವಸ್ಥೆ ಎಡವಲಿ, ಆಗ ತನ್ನನ್ನೇ ಹುಡುಕಿಕೊಂಡು ಬರುತ್ತಾರೆಂದು ಅವನ ಲೆಕ್ಕಾಚಾರ.

ಲೆಕ್ಕಾಚಾರ ತಲೆಕೆಳಗಾಯಿತು. ಪಟ್ಟಿ ತಾನಾಗಿಯೇ ಪರದೆಯ ಮೇಲೆ ಬರತೊಡಗಿತು, ಅವನನ್ನು ಗೋದಾಮಿಗೆ ಹಾಕಿದರು. ಮೊದಲ ಸೋಮವಾರ ಅವನು ಬಂದು ಪರದೆಯ ಮೇಲಿನ ಪಟ್ಟಿ ನೋಡಿದ. ಕೊನೆಯ ಬೀದಿಯ ರೋಗಿ, ಮೇಷ್ಟ್ರೊಬ್ಬರು, ಪಟ್ಟಿಯ ಕೊನೆಯಲ್ಲಿದ್ದರು. ಅವರ ಸಿಲಿಂಡರ್ ಯಾವತ್ತೂ ಸೋಮವಾರ ಮಧ್ಯಾಹ್ನದವರೆಗೆ ಬಾಳಿದ್ದೇ ಇಲ್ಲ, ಅದಕ್ಕೇ ಇವನು ಅವರನ್ನು ಮೊದಲಿಗೆ ಬರೆಯುತ್ತಿದ್ದ. ಅಲ್ಲಿಗೆ ಮೊದಲು ಹೋಗೆಂದು ಡ್ರೈವರನ್ನು ಅಂಗಲಾಚಿದ.

"ಪರದೆ ಮೇಲಿನ ಸಾಲು ಬಿಟ್ಟು ಹೋದ್ರೆ ನನ್ ಕೆಲ್ಸ ಹೋಗತ್ತಣ್ಣ" ಎಂದು ಡ್ರೈವರು ವ್ಯಾನು ಹತ್ತಿದ.

ಮ್ಯಾನೇಜರು ಊರಲ್ಲಿರಲಿಲ್ಲ. ವ್ಯಾನು ಆ ಬೀದಿ ಮುಟ್ಟಿದ್ದು ಎರಡು ಗಂಟೆಗೆ. ಮೇಷ್ಟ್ರು ತೀರಿಹೋಗಿ ಒಂದು ಗಂಟೆಯಾಗಿತ್ತು.

ಸಂಜೆ ಅವನೇ ಹುಡುಗಿಯ ಮುಂದೆ ಕೂತು ಎಲ್ಲವನ್ನೂ ಹೇಳಿದ. ಐದು ನಿಮಿಷ ಹಿಡಿಯಿತು. ಅವಳು ಬೈಯಲಿಲ್ಲ.

"ಉಸಿರು ಕೇಳೋದನ್ನ ಮನುಷ್ಯರೇ ಮಾಡ್ಬೇಕು ಸರ್. ಮೊದ್ಲೇ ಹೇಳಿದ್ರೆ ನಿಮ್ಮನ್ನ ಆ ಕುರ್ಚಿಯಿಂದ ಎಬ್ಬಿಸ್ತಾನೇ ಇರ್ಲಿಲ್ಲ" ಎಂದಳು.

ಮರುದಿನ ಅವನನ್ನು ಹಳೆಯ ಜಾಗದಲ್ಲೇ ಕೂರಿಸಿದರು. ಮೇಷ್ಟ್ರ ಹೆಸರು ಇನ್ನೂ ಪಟ್ಟಿಯಲ್ಲಿತ್ತು. ಅದನ್ನು ಅಳಿಸುವುದೇ ಅವನ ಮೊದಲ ಕೆಲಸವಾಯಿತು.